ಅಣ್ಣಾ, ಅಂವ ಮೊದಲ ಅಕಿನ್ನ ಕೇಳ್ಯಾನ

ಅಣ್ಣಾ, ನಿನ್ನ ಮೆಸೇಜ್ ರಾತ್ರೀನ ನೋಡಿದೆ, ಟೈಪ್ ಮಾಡ್ಕೊಂತ ಕುಂತ್ರ ನನ್ನ ಮಾತ ಮುಗಿಯಾಂಗಿಲ್ಲ, ಅದಕ್ಕ ವಾಯ್ಸ್ ಹಾಕಾಕತ್ತೀನಿ, ಉದ್ದ ಆಗತೈತಿ, ಕೆಲಸ ಮಾಡ್ಕೊಂತರ ಕೇಳ್ರಿ ಎಲ್ಲಾರೂ. ನನ್ನ ಮಗಳಿಗೆ ಹುಡುಗ ಉಂಗುರ ತೊಡಿಸಿದ ವಿಡಿಯೋ ನೋಡಿ, ಸಮುದ್ರದ ದಂಡಿ ಮ್ಯಾಲ ಮೊಣಕಾಲೂರಿ ಉಂಗುರ ತೊಡಸೂದು ನಮ್ಮ ಮನಿತನದಾಗ ಯಾವಾಗ ಇತ್ತು, ಹಿರ್ಯಾರು ಬರೇ ವಿಡಿಯೋ ನೋಡಾಕ ಅದಾರೇನು ಅಂತ ಬರದೀದಿ. ಓದಿ ಸಿಟ್ಟ ಬರಲಿಲ್ಲಣ್ಣ, ಹೊಟ್ಟ್ಯಾಗ ಸಂಕಟ ಆತು. ಮನಿಯವ್ರು ಹೋದ ಮ್ಯಾಲ ಅಕಿ ಫೀ ಕಟ್ಟಿದಾವ ನೀ, ಹಾಸ್ಟೆಲ್ಲಿಗೆ ಟ್ರಂಕ್ ಹೊತಗೊಂಡ ಹೋಗಿ ಇಟ್ಟ ಬಂದಾವ ನೀ. ನಿನಗ ಮೊದಲ ಹೇಳಬೇಕಾಗಿತ್ತು, ಹೇಳಲಿಲ್ಲ, ಅದು ನನ್ನ ತಪ್ಪು, ಹುಡುಗಂದಲ್ಲ. ಗ್ರೂಪಿನ್ಯಾಗ ಒಬ್ರಿಗೆ ಗೊತ್ತಾದ್ರ ಅಕಿಗೂ ಗೊತ್ತಾಗತೈತಿ ಅಂತ ಬಾಯಿ ಕಟಗೊಂಡಿದ್ದೆ.

ಆದ್ರ ಹಿರ್ಯಾರನ್ನ ಕೇಳಿಲ್ಲ ಅನ್ನೂದು ಖರೇ ಅಲ್ಲ. ದೀಪಾವಳಿ ಮುಗದ ಮ್ಯಾಲ ಹುಡುಗ ಬೆಳಗಾವಿಯಿಂದ ಒಬ್ಬನ ಬಸ್ ಹತ್ತಿ ಬಾಗಲಕೋಟಿ ನವನಗರಕ್ಕ ನಮ್ಮ ಮನಿಗೆ ಬಂದಿದ್ದಾ. ಚಾ ಕುಡದು ಕಪ್ಪ ಕೆಳಗಿಟ್ಟು, "ಆಂಟಿ, ನಿಮ್ಮ ಮಗಳನ್ನ ಮಾಡ್ಕೋಬೇಕಂತ ಮಾಡೀನಿ, ನಿಮ್ಮ ಒಪ್ಪಿಗಿ ಬೇಕು" ಅಂದ. ಮೂರು ವರ್ಷದಿಂದ ಇಬ್ರೂ ಒಂದ ಆಫೀಸು, ನನಗೂ ಅಂದಾಜಿತ್ತು. ನಾ ಅಂದೆ, ನನ್ನ ಒಪ್ಪಿಗಿ ಆಮ್ಯಾಲಪಾ, ಮೊದಲ ಅಕಿನ್ನ ಕೇಳು, ಅಕಿ ಹೂಂ ಅಂದ್ರ ನಿಮ್ಮ ಅಪ್ಪ ಅವ್ವನ್ನ ಕರಕೊಂಡ ಬಾ, ನಮ್ಮ ಅಣ್ಣನ ಮುಂದ ಕುಂತ ಮಾತಾಡೂಣು. ಇನ್ನೊಂದ ಮಾತೂ ಹೇಳಿದೆ: ಉಂಗುರ ಕೈಯಾಗ ಹಿಡಕೊಂಡ ಕೇಳಬ್ಯಾಡ, ಉಂಗುರ ಕಂಡ ಮ್ಯಾಲ ಹೆಣ್ಮಗಳಿಗೆ ಇಲ್ಲ ಅನ್ನೂದು ಕಠಿಣ ಆಗತೈತಿ. ಅಂವ ಸ್ವಲ್ಪ ಹೊತ್ತ ಸುಮ್ಮಕಿದ್ದು, ಉಂಗುರದ ಡಬ್ಬಿ ನನ್ನ ಕೈಯಾಗ ಕೊಟ್ಟ, ನಿಮ್ಮ ಹಂತ್ಯಾಕ ಇರ್ಲಿ ಅಂದ. ನಾ ಅದನ್ನ ಡಬ್ಬಿ ಬಿಟ್ಟು ನನ್ನ ಕುಂಕುಮದ ಭರಣಿಯೊಳಗ ಇಟ್ಟೆ. ಅಕಿ ನನ್ನ ಪರ್ಸ್ ತಗದ್ರೂ ಭರಣಿ ತಗಿಯಾಂಗಿಲ್ಲ, ಅದಕ್ಕ.

ಹಿಂಗಾಗಿ ಅಂಡಮಾನಕ್ಕ ಅವರಿಬ್ರ ಜೋಡಿ ನಾನೂ ಮಗನೂ, ಹುಡುಗನ ಅಕ್ಕ ಭಾವನೂ, ಎಲ್ಲಾರೂ ಕೂಡಿ ಹೋಗಿದ್ದು. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಬೆಂಗಳೂರು, ಅಲ್ಲಿಂದ ವಿಮಾನ. ಇಳದ ಊರು ಪೋರ್ಟ್ ಬ್ಲೇರ್, 2024ರಾಗ ಅದಕ್ಕ ಶ್ರೀ ವಿಜಯಪುರಂ ಅಂತ ಹೆಸರಿಟ್ಟಾರ, ಅವ್ವಗ ಫೋನಿನ್ಯಾಗ ಹೇಳಿದ್ರ ಬಿಜಾಪೂರಕ್ಕ ಹೋಗಾಕ ವಿಮಾನ ಯಾಕವಾ ಅಂದಳು. ಸೆಲ್ಯುಲರ್ ಜೇಲೂ ನೋಡಿದ್ವಿ, ಕೋಲಿಗೋಳ 7 ಸಾಲಿನ್ಯಾಗ 3 ಉಳದಾವ, ಆ ಕೋಲಿಯೊಳಗ ನಿಂತಾಗ ನನ್ನ ಮಗ ಬಾಯಿ ಬಿಡಲಿಲ್ಲ, ಅದನ್ನ ಇನ್ನೊಮ್ಮೆ ಹೇಳ್ತೀನಿ. ವೈನಿ, ನೀವ್ ಹವಳ, ಚಿಪ್ಪು ತಾ ಅಂದಿದ್ರಿ, ದಂಡ್ಯಾಗಿಂದು ಆರಿಸ್ಕೊಂಡ ಬರಾಂಗಿಲ್ರಿ, ಕಾಯ್ದೆ ಐತಿ, ಅದಕ್ಕ ತರಲಿಲ್ಲ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಅಲ್ಲಿಂದ ಹಡಗಿನ್ಯಾಗ ಹ್ಯಾವ್‌ಲಾಕ್, ಈಗ ಸ್ವರಾಜ್ ದ್ವೀಪ ಅಂತಾರ, ಅಲ್ಲಿ ರಾಧಾನಗರ ಬೀಚು. ಡಿಸೆಂಬರದಾಗ ಅಲ್ಲಿ ಐದಕ್ಕ ಹೊತ್ತ ಮುಳಗತೈತಿ. ಗಡಿಯಾರ ನಮ್ಮದ, ಆದ್ರ ದ್ವೀಪ ಅಷ್ಟ ಮೂಡಣಕ್ಕ ಐತಿ, ನಮಗಿಂತ ಹೆಚ್ಚುಕಡಿಮಿ ಒಂದ ತಾಸು ಮೊದಲ ಕತ್ತಲಿ. ನಾ ಆರಕ್ಕ ಅನ್ಕೊಂಡು ಇಳಕಲ್ ಸೀರಿ ನಿರಿಗಿ ಹಿಡ್ಕೊಂತ ನಿಂತಿದ್ದೆ, ಹುಡುಗನ ಅಕ್ಕ ಓಡಿ ಬಂದು ಬರ್ರಿ ಬರ್ರಿ ಅಂತ ಕರಕೊಂಡ ಹೋದ್ಲು.

ಇಲ್ಲಿಂದ ಮುಂದಿಂದು ನೀ ನೋಡಿಲ್ಲಣ್ಣ, ಯಾಕಂದ್ರ ವಿಡಿಯೋ ಶುರು ಆಗೂದು ಉಂಗುರದಿಂದ. ಅದರ ಮೊದಲಿಂದು ಯಾರೂ ಹಿಡೀಲಿಲ್ಲ, ಹಿಡೀಬ್ಯಾಡ್ರಿ ಅಂತ ಅಂವನ ಹೇಳಿದ್ದ. ಅಕಿ ಚಪ್ಪಲಿ ಕೈಯಾಗ ಹಿಡಕೊಂಡು ನೀರಿನ ಅಂಚಿಗೆ ನಿಂತಿದ್ಲು. ಅಂವ ಹಸಿ ಉಸುಕಿನ್ಯಾಗ ಮೊಣಕಾಲೂರಿದ, ಕೈಯಾಗ ಏನೂ ಇಲ್ಲ, ಖಾಲಿ ಕೈ. ತೆರಿ ಬಂದು ಪ್ಯಾಂಟ್ ತೋಯಸ್ಕೊಂಡ ಹೋತು. "ನಿನ್ನ ಜೋಡಿ ಬಾಳೇ ಮಾಡಬೇಕಂತ ಆಸೆ ಐತಿ, ನಿನಗ ಮನಸೈತೇನು? ಇಲ್ಲಂದ್ರೂ ನಡೀತೈತಿ, ಖರೇ ಹೇಳು" ಅಂದ. ಅಕಿ ಮಾರಿ ಬೆಳ್ಳಗಾತು. ಅಕಿ ಮೊದಲ ಅಂದಿದ್ದೇನು ಗೊತ್ತೇನಣ್ಣ, "ಅವ್ವಗ ಕೇಳೀಯೇನು?" "ಕೇಳೀನಿ. ನಿನ್ನ ಕೇಳು ಅಂದಾರ ಅವ್ರು."

ಅಕಿ ತಿರುಗಿ ನನ್ನ ಕಡೆ ನೋಡಿದ್ಲು. ನಾ ತಲಿ ಅಲ್ಲಾಡಸಲಿಲ್ಲ, ಹೂಂ ಅಂತನೂ ಇಲ್ಲ, ಊಂಹೂಂ ಅಂತನೂ ಇಲ್ಲ. ಸುಮ್ಮನ ನಿಂತೆ. ಆ ನೀರ ನೋಡಿ ನನಗ ನಮ್ಮ ಹಳೇ ಊರಾಗಿನ ಮನಿ ನೆನಪಾತು.

ಈಗ ಆಲಮಟ್ಟಿ ಹಿನ್ನೀರಾಗ ಐತೆಲ್ಲ, ಅದ ಮನಿ, ಅದರ ಪಡಸಾಲಿ. ನನ್ನ ನೋಡಾಕ ಬಂದ ದಿನ ನೀನೂ ಅಲ್ಲೇ ಕುಂತಿದ್ದಿ, ಬಿಳಿ ಅಂಗಿ ಹಾಕ್ಕೊಂಡು. ನಾ ಅವಲಕ್ಕಿ ಚಾ ಕೊಟ್ಟು ನಮಸ್ಕಾರ ಮಾಡಿ ಒಳಗ ಬಂದು ಬಚ್ಚಲದಾಗ ಕಪ್ಪ ತೊಳ್ಯಾಕತ್ತಿದ್ದೆ, ಹೊರಗ ಸಕ್ಕರಿ ಹಂಚಿದ್ದು ಸಪ್ಪಳ ಕೇಳಿ ಗೊತ್ತಾತು ನನ್ನ ಲಗ್ನ ಗಟ್ಟಿ ಆತಂತ. ಕೈಯಾಗ ಸಬಕಾರ ಇತ್ತು. ನಮ್ಮ ಮನಿಯವ್ರು ಭಾಳ ಚಲೋ ಮನಷ್ಯಾ, ಒಂದ ದಿನ ನನಗ ಹೊಲ್ಲದ ಮಾತ ಆಡಲಿಲ್ಲ, ಅದರಾಗ ಎರಡ ಮಾತಿಲ್ಲ. ನನ್ನ ಕೇಳಿದ್ರೂ ನಾ ಹೂಂ ಅಂತಿದ್ದೆ. ಆದ್ರ ಕೇಳಲಿಲ್ಲಣ್ಣ. ಅಪ್ಪನೂ ಕೇಳಲಿಲ್ಲ, ನೀನೂ ಕೇಳಲಿಲ್ಲ. ಇಷ್ಟ ವರ್ಷ ಯಾರ ಮುಂದೂ ಹೇಳಿದ್ದಿಲ್ಲ, ಇವತ್ತ ಎಲ್ಲಾರ ಮುಂದ ಹೇಳಾಕತ್ತೀನಿ.

ಅಕಿ ಎಷ್ಟೊತ್ತ ನಿಂತ್ಲೋ, ಹೊತ್ತ ಅರ್ಧ ನೀರಾಗ ಇಳದಿತ್ತು. ಆಮ್ಯಾಲ ನನ್ನ ಕಡೆ ನೋಡೂದ ಬಿಟ್ಟು ಅಂವನ ಕಡೆ ನೋಡಿ "ಹೂಂ" ಅಂದ್ಲು. ಆಮ್ಯಾಲ "ಏಳು, ತೋಯಾಕತ್ತೀದಿ" ಅಂದ್ಲು. ಅಂವ ಏಳಲಿಲ್ಲ, ನನ್ನ ಕಡೆ ಕೈ ಚಾಚಿದ. ನನ್ನ ಕೈ ನಡಗಿ ಭರಣಿ ಮುಚ್ಚಳ ತಗಿಯಾಕ ಬರಲಿಲ್ಲ, ಮಗ ತಗದ ಕೊಟ್ಟ. ವಿಡಿಯೋ ಮತ್ತೊಮ್ಮೆ ಹಚ್ಚಿ ನೋಡು, ಉಂಗುರದ ಹಳ್ಳಿನ ಸುತ್ತ ಕೆಂಪ ಕಾಣತೈತಿ, ಅದು ಕುಂಕುಮ. ಅಕಿ ಇನ್ನೂ ತೊಳದಿಲ್ಲ.

ಈಗ ನಿನ್ನ ಕಡಿ ಬರ್ತೀನಿ. ನಿಶ್ಚಯ ಇನ್ನೂ ಆಗಿಲ್ಲ, ಸಕ್ಕರಿ ಹಂಚಿಲ್ಲ. ಅಮಾಸಿ ದಾಟಿದ ಮ್ಯಾಲ ಅವ್ರ ಅಪ್ಪ ಅವ್ವ ಬೆಳಗಾವಿಯಿಂದ ಬರ್ತಾರ, ಮಾತುಕತಿ ಸ್ವಾದರಮಾವನ ಮುಂದ ಅಂತ ಹೇಳೀನಿ, ಅವ್ರೂ ಹಂಗ ಆಗ್ಲಿ ಅಂದಾರ. ಕೊಡೂದು ತಗೊಳ್ಳೂದು ಏನೂ ಇಲ್ಲ ಅಂತ ಹುಡುಗ ಮೊದಲ ಹೇಳ್ಯಾನ, ಆದ್ರೂ ನಿನ್ನ ಬಾಯಿಲೆ ಒಮ್ಮೆ ಕೇಳಿ ಗಟ್ಟಿ ಮಾಡ್ಕೊ. ವೈನಿ ಉಡಿ ತುಂಬಬೇಕು, ಗುಳೇದಗುಡ್ಡದ ಖಣ ನಾ ತಂದಿಡ್ತೀನಿ. ಆವತ್ತ ನೀನ ಅಕಿನ್ನ ಹಂತ್ಯಾಕ ಕುಂದರಿಸ್ಕೊಂಡು ಇನ್ನೊಮ್ಮೆ ಕೇಳು, ನಿನಗ ಮನಸೈತೇನವಾ ಅಂತ, ಅಕಿ ನಿನ್ನ ಮುಂದ ಹೇಳ್ಲಿ. ಮಧ್ಯಾಹ್ನ ಊಟ ಆದ ಮ್ಯಾಲ ಫೋನ್ ಹಚ್ತೀನಿ, ಎತ್ತಣ್ಣಾ.