ಟ್ರ್ಯಾಕ್‌ನಲ್ಲಿ ತಲೆಸುತ್ತು, ವಾಂತಿ: ನಿಮಗೂ ಹೀಗಾಗಿತ್ತಾ?

ಕೇಳಿದವರು:
ಹೋದ ಭಾನುವಾರ ಮೊದಲ ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ರೇಸ್ ಕಾರು ಓಡಿಸ್ದೆ. 3.7 ಕಿಲೋಮೀಟರ್‌ಗೆ 12 ತಿರುವು. ಐದು ಲ್ಯಾಪ್, ಅಂದ್ರೆ ಐದು ಸುತ್ತು, ಚೆನ್ನಾಗೇ ಹೋಯ್ತು. ಆರನೇದಕ್ಕೆ ಹಣೆಯೆಲ್ಲ ತಣ್ಣನೆ ಬೆವರು, ಬಾಯಲ್ಲಿ ನೀರು, ಹೊಟ್ಟೆ ತೊಳಸು. ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸೋ ಪಿಟ್‌ಗೆ ಬಂದು ಹಳೇ ಟೈರ್ ಮೇಲೆ ಕೂತೋನು ಅರ್ಧ ಗಂಟೆ ಏಳಲಿಲ್ಲ. ಚಾರ್ಮಾಡಿ ಘಾಟಿ ನಾನೇ ಓಡಿಸ್ಕೊಂಡು ಹೋದ್ರೆ ಏನೂ ಆಗಲ್ಲ. ಇದು ಅಭ್ಯಾಸ ಆಗತ್ತಾ, ಇಲ್ಲಾ ಬಿಟ್ಬಿಡ್ಲಾ?

ಮೊದಲನೇ ಉತ್ತರ:
ಬಿಡ್ಬೇಡಿ. ನನಗೂ ಮೊದಲ ಮೂರು ಸಲ ಇದೇ ಗೋಳು. ಬಾನೆಟ್ ಮುಂದಿನ ಡಾಂಬರನ್ನೇ ದಿಟ್ಟಿಸ್ತಿದ್ದೆ. ತಿರುವಿನ ಒಳಗೆ ಹೋಗೋ ಮುಂಚೆನೇ ಅದು ಮುಗಿಯೋ ಜಾಗಕ್ಕೆ ಕಣ್ಣು ಹಾಕಿ ಅಂತ ಕಲಿಸೋರು ಹೇಳಿದ್ಮೇಲೆ ಎಷ್ಟೋ ಕಮ್ಮಿ ಆಯ್ತು. ಇನ್ನೊಂದು, ಬಿಸಿಲು. ಅಲ್ಲಿಯ ಸೆಕೆಯಲ್ಲಿ ರೇಸ್ ಸೂಟ್, ತಲೆ-ಮುಖ ಮುಚ್ಚೋ ಬಟ್ಟೆ ಬಲಾಕ್ಲಾವಾ, ಹೆಲ್ಮೆಟ್ ಹಾಕ್ಕೊಂಡ್ರೆ ಕಾರು ನಿಂತಿದ್ರೂ ತಲೆ ತಿರುಗತ್ತೆ. ಹಿಂದಿನ ದಿನದಿಂದ್ಲೇ ನೀರು ಕುಡೀರಿ. ಬೆಳಗ್ಗೆ ಏನು ತಿಂದಿದ್ರಿ?

ಎರಡನೇ ಉತ್ತರ:
ನಾನು ಚಿಕ್ಕಮಗಳೂರು ಕಡೆಯ ರ‍್ಯಾಲಿ ನ್ಯಾವಿಗೇಟರ್, ಅಂದ್ರೆ ಓಡಿಸೋನ ಪಕ್ಕ ಕೂತು ಮುಂದಿನ ತಿರುವು ಕೂಗಿ ಹೇಳೋನು, ಸ್ಟೇರಿಂಗ್ ಕೂಡ ನನ್ನ ಕೈಲಿಲ್ಲ. ಓಡಿಸೋನಿಗೆ ಕಾರು ಯಾವ ಕಡೆ ವಾಲತ್ತೆ ಅಂತ ಮೊದ್ಲೇ ಗೊತ್ತು, ಮೈ ತಯಾರಾಗಿರತ್ತೆ. ನಾನು ತಲೆ ತಗ್ಗಿಸಿ ತಿರುವುಗಳನ್ನ ಬರೆದಿಟ್ಟ ನೋಟ್ಸ್ ಓದ್ತಿರ್ತೀನಿ. ಕಣ್ಣಿಗೆ ಪುಸ್ತಕ ಅಲ್ಲಾಡ್ತಿಲ್ಲ, ಒಳಕಿವಿಗೆ ಮಾತ್ರ ಮೈ ಎತ್ತಿ ಎಸೆದ ಹಾಗೆ. ಆ ಜಗಳದಲ್ಲಿ ಸಾಯೋದು ಹೊಟ್ಟೆ. ಪುಸ್ತಕ ತೊಡೆ ಮೇಲಿಂದ ಎದೆ ಮಟ್ಟಕ್ಕೆ ಎತ್ತಿದೆ. ಒಂದು ಸಾಲು ಹಿಡಿ, ತಲೆ ಎತ್ತಿ ರಸ್ತೆ ನೋಡು, ಕೂಗು, ಮತ್ತೆ ಇಳಿ. ಎಸ್ಟೇಟ್ ರಸ್ತೇಲಿ ದಿನಾ ಹತ್ತು ನಿಮಿಷ ಹೀಗೆ ಓದಿ ಓದಿ ಎರಡು ತಿಂಗಳಿಗೆ ಸರಿಹೋಯ್ತು. ನಿಮಗೂ ಅದೇ: ಓಕರಿಕೆ ಶುರುವಾದ ತಕ್ಷಣ ಪಿಟ್‌ಗೆ ಬನ್ನಿ, ‘ಇನ್ನೊಂದೇ ಲ್ಯಾಪ್’ ಅಂತ ಹಟ ಮಾಡಿದ್ರೆ ಆ ದಿನ ಮುಗೀತು. ನಾನು ದವಡೇಲಿ ಹಸಿ ಶುಂಠಿ ಇಟ್ಕೋತೀನಿ, ಬಾಗಿಲ ಜೇಬಲ್ಲಿ ಪ್ಲಾಸ್ಟಿಕ್ ಕವರ್. ಕವರ್ ಇದೆ ಅಂತ ಗೊತ್ತಿದ್ರೇನೇ ಅರ್ಧ ವಾಂತಿ ಬರಲ್ಲ, ನಗಬೇಡಿ.

ಮೂರನೇ ಉತ್ತರ:
ಬಸ್ಸಿಗೆ ಹತ್ತೋ ಮುಂಚೆ ಮನೇಲಿ ಕೊಡ್ತಾರಲ್ಲ ವಾಂತಿ ಮಾತ್ರೆ, ಅದನ್ನ ನುಂಗಿ ಮಾತ್ರ ಸ್ಟೇರಿಂಗ್ ಹಿಡೀಬೇಡಿ. ಅದ್ರಲ್ಲಿ ಸುಮಾರು ಮಾತ್ರೆಗಳು ನಿದ್ದೆ ಬರಿಸ್ತವೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ್ರೂ ಕೋಣೆ ಗಿರ್ರನೆ ಸುತ್ತತ್ತಾ? ಕಿವಿ ಗುಂಯ್ ಅನ್ನತ್ತಾ? ಹಾಗಿದ್ರೆ ಮೊದ್ಲು ಇಎನ್‌ಟಿ ಡಾಕ್ಟರಿಗೆ ತೋರಿಸಿ, ಟ್ರ್ಯಾಕ್ ಎಲ್ಲೂ ಓಡಿಹೋಗಲ್ಲ. ಕಣ್ಣು ಕತ್ತಲೆ ಬಂದ್ರೂ ಅಷ್ಟೇ.

ಕೇಳಿದವರು:
ಮಗ್ಗುಲು ಬದಲಿಸಿದ್ರೆ ಏನೂ ಆಗಲ್ಲ, ಕಿವಿನೂ ಸರಿ ಇದೆ. ತಿಂದದ್ದು ತುಪ್ಪ ಸುರಿದ ಪೊಂಗಲ್, ಜೊತೆಗೆ ಎರಡು ವಡೆ. ನೀರು ಕುಡಿದದ್ದೇ ನೆನಪಿಲ್ಲ! ಮುಂದಿನ ತಿಂಗಳು ಮತ್ತೆ ಹೋಗ್ತಿದೀನಿ, ಎರಡೇ ಇಡ್ಲಿ, ನಾಲ್ಕು ಲ್ಯಾಪಿಗೊಂದು ಸಲ ಪಿಟ್. ಕವರ್ ಈಗ್ಲೇ ಬ್ಯಾಗಿಗೆ ಹಾಕ್ಕೊಂಡೆ.