ಪದಚರ್ಚೆ: ‘ಅಲಭ್ಯ’ ಎಂಬ ಒಂದೇ ಪದದಿಂದ ಎಷ್ಟು ಕೆಲಸ ತೆಗೆಯುವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕ, ಬ್ರಿಟನ್ನಿನ ಹಳೆಯ ಹಾಸ್ಯ ಧಾರಾವಾಹಿಗಳ ಕೆಲವು ಸೀಸನ್‌ಗಳು ಇವತ್ತಿಗೂ ನೋಡಲು ಸಿಗುವುದಿಲ್ಲ. ಯಾಕೆ ಎಂಬುದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಬರೆಯುತ್ತಾ ಹೋದಂತೆ ಎಲ್ಲ ಕಡೆಯೂ ‘ಅಲಭ್ಯ’ ಎಂದೇ ಬೀಳುತ್ತಿದೆ. ಆದರೆ ಈ ಅಲಭ್ಯಗಳೆಲ್ಲ ಒಂದೇ ಜಾತಿಯವಲ್ಲ. ಓದುಗರಿಗೆ ಆ ವ್ಯತ್ಯಾಸ ಪದದಲ್ಲೇ ಗೊತ್ತಾಗಬೇಕು ಎಂಬುದು ನನ್ನ ಆಸೆ. ಎರಡಕ್ಕೆ ಪದ ಸಿಕ್ಕಿದೆ ಅನ್ನಿಸುತ್ತದೆ. ಮೂರನೆಯದಕ್ಕೆ ನಿಮ್ಮ ನೆರವು ಬೇಕು.

ಸುಲಭದ್ದು ಮೊದಲು. ಬಿಬಿಸಿಯ ‘ಡ್ಯಾಡ್ಸ್ ಆರ್ಮಿ’ 1968ರಿಂದ 1977ರವರೆಗೆ ಬಂತು. 1969ರ ಎರಡನೇ ಸರಣಿಯ ಮೂರು ಸಂಚಿಕೆಗಳ ಚಿತ್ರಿಕೆ ಈಗ ಎಲ್ಲೂ ಇಲ್ಲ. ಆಗ ವಿಡಿಯೋ ಟೇಪು ದುಬಾರಿ. ಪ್ರಸಾರ ಮುಗಿದ ಮೇಲೆ ಅದನ್ನೇ ಒರೆಸಿ ಬೇರೆ ಕಾರ್ಯಕ್ರಮ ತುಂಬುತ್ತಿದ್ದರು. ಅದೇ ಸರಣಿಯ ಇನ್ನೆರಡು ಸಂಚಿಕೆಗಳೂ ಕಳೆದುಹೋಗಿದ್ದು, 2001ರಲ್ಲಿ ಮರಳಿ ಸಿಕ್ಕವು. ನಮ್ಮ ಸಾಹಿತ್ಯ ಚರಿತ್ರೆಕಾರರು ಪೊನ್ನನ ‘ಭುವನೈಕ ರಾಮಾಭ್ಯುದಯ’ದಂಥ ಕೃತಿಗಳನ್ನು ‘ಅನುಪಲಬ್ಧ’ ಎನ್ನುತ್ತಾರಲ್ಲ, ಇಲ್ಲಿ ಅದು ಸರಿಯಾಗಿ ಕೂರುತ್ತದೆ. ಇತ್ತು ಎಂಬುದಕ್ಕೆ ಆಧಾರವಿದೆ, ಪ್ರತಿ ಸಿಕ್ಕಿಲ್ಲ, ಮುಂದೆ ಸಿಗಲೂಬಹುದು. ಈ ಮೂರೂ ಆ ಪದದೊಳಗೆ ಇವೆ.

ಎರಡನೆಯ ಜಾತಿ ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಅಲ್ಲಿ ಅಂಗಡಿಯವನು ‘ಸಿಗುತ್ತದೆ’ ಎನ್ನುತ್ತಾನೆ. ‘ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ’ ಒಂದು ರೇಡಿಯೋ ನಿಲಯದ ಕಥೆ. ಸಿಬಿಎಸ್ ವಾಹಿನಿಯಲ್ಲಿ 1978ರಿಂದ 1982ರವರೆಗೆ, ನಾಲ್ಕು ಸೀಸನ್. ಡಿಜೆಗಳ ಕಥೆಯಾದ್ದರಿಂದ ಅದರಲ್ಲಿ ನಿಜವಾದ ರಾಕ್ ಹಾಡುಗಳೇ ಕೇಳುತ್ತಿದ್ದವು. ಒಂದು ಪ್ರಸಿದ್ಧ ಸಂಚಿಕೆಯಲ್ಲಿ ನಿಲಯದ ಮ್ಯಾನೇಜರು ಸ್ಟುಡಿಯೋ ಒಳಗೆ ಬರುತ್ತಾರೆ. ಪಿಂಕ್ ಫ್ಲಾಯ್ಡ್ ತಂಡದ ತಟ್ಟೆ ತಿರುಗುತ್ತಿದೆ. ಹಾಡಿನೊಳಗೆ ನಾಯಿ ಬೊಗಳಿದ್ದು ಕೇಳಿ, ಇದೇನು ನಾಯಿ ಬೊಗಳಿದ ಹಾಗಿದೆಯಲ್ಲ ಎಂದು ಅವರು ವಿಚಾರಿಸುತ್ತಾರೆ. ಹಾಡು ಕೇಳಿದರೆ ಮಾತ್ರ ನಗು ಬರುವ ಮಾತು ಅದು. 2007ರಲ್ಲಿ ಮೊದಲ ಸೀಸನ್ನಿನ ಡಿವಿಡಿ ಬಂದಾಗ ಆ ಭಾಗವನ್ನೇ ಕತ್ತರಿಸಿದ್ದರು. ಇನ್ನೂ ಎಷ್ಟೋ ಕಡೆ ಮೂಲ ಹಾಡು ತೆಗೆದು, ಹೆಸರಿಲ್ಲದ ಯಾವುದೋ ಸಂಗೀತ ತುಂಬಿದ್ದರು. ಹಾಡು, ಮಾತು ಒಂದೇ ಟ್ರ್ಯಾಕಿನಲ್ಲಿ ಬೆರೆತಿದ್ದ ಜಾಗಗಳಲ್ಲಿ ನಟರ ದನಿಯನ್ನೇ ಹೋಲುವ ಬೇರೆಯವರಿಂದ ಡಬ್ಬಿಂಗ್ ಮಾಡಿಸಿದ್ದೂ ಉಂಟು. 2014ರಲ್ಲಿ ಬೇರೊಂದು ಸಂಸ್ಥೆ ನಾಲ್ಕೂ ಸೀಸನ್ ಹೊರತಂದು, ಬಹುಪಾಲು ಹಾಡುಗಳನ್ನು ಮರಳಿ ಸೇರಿಸಿತು. ಬಹುಪಾಲು, ಎಲ್ಲವನ್ನೂ ಅಲ್ಲ.

2007ರ ಆ ಡಿವಿಡಿಯನ್ನು ‘ಪರಿಷ್ಕೃತ’ ಎಂದು ಬರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಪರಿಷ್ಕರಣೆ ಎಂದರೆ ತಿದ್ದಿ ಉತ್ತಮಗೊಳಿಸಿದ್ದು ಎಂಬ ಅರ್ಥ ಬಂದುಬಿಡುತ್ತದೆ. ಗ್ರಂಥಸಂಪಾದನೆಯವರ ಮಾತಿನಲ್ಲಿ ಕತ್ತರಿಸಿದ್ದು ‘ತ್ರುಟಿತ’, ಹೊರಗಿನಿಂದ ತಂದು ಸೇರಿಸಿದ್ದು ‘ಪ್ರಕ್ಷಿಪ್ತ’. ಓಲೆಗರಿಗೆ ಹೊಂದುವ ಈ ಪದಗಳು ಟಿವಿಗೆ ಭಾರವಾದವು ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಮೂಲ ಪಾಠ ಯಾವುದು ಎಂಬ ಪ್ರಶ್ನೆ ಎರಡು ಕಡೆಯೂ ಒಂದೇ.

ಈಗ ಪದವಿಲ್ಲದ್ದು. ‘ಮರ್ಫಿ ಬ್ರೌನ್’ 1988ರಿಂದ ಹತ್ತು ವರ್ಷ ಸಿಬಿಎಸ್‌ನಲ್ಲಿ ಓಡಿದ ಧಾರಾವಾಹಿ. ನಾಯಕಿ ಟಿವಿ ಪತ್ರಕರ್ತೆ, ಅಮೆರಿಕದ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯ ಹಾಡುಗಳೆಂದರೆ ಅವಳಿಗೆ ಪ್ರಾಣ. ಸಂಚಿಕೆಗಳ ಆರಂಭದಲ್ಲಿ ಅಂಥ ಹಾಡುಗಳು ಬರುತ್ತಿದ್ದವು. 2005ರಲ್ಲಿ ಮೊದಲ ಸೀಸನ್ ಡಿವಿಡಿಯಲ್ಲಿ ಬಂತು, ಅಷ್ಟಕ್ಕೇ ನಿಂತಿತು. ಟೇಪು ಕಳೆದಿಲ್ಲ. ಹಾಡುಗಳ ಹಕ್ಕಿಗೆ ಕೊಡಬೇಕಾದ ಹಣ ಹೆಚ್ಚು, ಮೊದಲ ಸೀಸನ್ನಿನ ಮಾರಾಟ ಕಡಿಮೆ. ಇಂಥ ಧಾರಾವಾಹಿಗಳು ತಯಾರಾದಾಗ ಹಾಡುಗಳಿಗೆ ಪಡೆದ ಅನುಮತಿ ಬಹುಮಟ್ಟಿಗೆ ಟಿವಿ ಪ್ರಸಾರಕ್ಕೆ ಸೀಮಿತವಾಗಿತ್ತು. ಮುಂದೆ ಜನ ಇಡೀ ಸೀಸನ್ ಕೊಂಡು ಮನೆಯಲ್ಲಿಟ್ಟುಕೊಳ್ಳುತ್ತಾರೆಂದು ಕರಾರು ಬರೆದವರು ಎಣಿಸಿರಲಿಲ್ಲ. ಹಾಗಾಗಿ ಈಗ ಒಂದೊಂದು ಹಾಡಿಗೂ ಹೊಸದಾಗಿ ಒಪ್ಪಿಗೆ ಕೇಳಬೇಕು.

ಅದೂ ಎರಡೆರಡು ಕಡೆ: ಹಾಡಿನ ರಚನೆಯ ಹಕ್ಕು ಒಬ್ಬರದು, ಧ್ವನಿಮುದ್ರಣದ ಹಕ್ಕು ಇನ್ನೊಬ್ಬರದು. ‘ದಿ ವಂಡರ್ ಇಯರ್ಸ್’ ಧಾರಾವಾಹಿ ನೆಟ್‌ಫ್ಲಿಕ್ಸ್‌ಗೆ ಬಂದಾಗ ಶೀರ್ಷಿಕೆ ಗೀತೆ ಅದೇ, ಆದರೆ ಟಿವಿ ಪ್ರಸಾರದಲ್ಲಿ ಕೇಳುತ್ತಿದ್ದ ಗಾಯಕ ಜೋ ಕಾಕರ್ ದನಿ ಅಲ್ಲ. ರಚನೆಯ ಹಕ್ಕಿದ್ದರೆ ಬೇರೆಯವರಿಂದ ಹಾಡಿಸಿಕೊಳ್ಳಬಹುದು. ನಮ್ಮ ಚಿತ್ರರಂಗದಲ್ಲಿ ‘ಆಡಿಯೋ ರೈಟ್ಸ್’ ಎಂದು ಒಟ್ಟಿಗೇ ಮಾರಿ ರೂಢಿಯಾಗಿರುವುದರಿಂದ ‘ಹಾಡಿನ ಹಕ್ಕು’ ಎಂದರೆ ಈ ಎರಡರ ಭೇದ ಕಿವಿಗೆ ಬೀಳುವುದೇ ಇಲ್ಲ. ಲೇಖನದಲ್ಲಿ ‘ರಚನೆಯ ಹಕ್ಕು’, ‘ಮುದ್ರಣದ ಹಕ್ಕು’ ಎಂದು ಬರೆದಿದ್ದೇನೆ. ‘ಮುದ್ರಣ’ ಎಂದರೆ ಪುಸ್ತಕದ ಕಡೆ ಎಳೆಯುತ್ತದೆಯೇ?

ಇಂಥ ಸೀಸನ್ನನ್ನು ಏನೆನ್ನುವುದು? ‘ತಡೆಹಿಡಿದ’ ಎಂದರೆ ಯಾರೋ ಬೇಕೆಂದೇ ತಡೆದಂತೆ, ಕೋರ್ಟಿನ ತಡೆಯಾಜ್ಞೆ ಇದ್ದಂತೆ. ‘ಅಪ್ರಕಟಿತ’ ಆಗದು, ಲಕ್ಷಾಂತರ ಜನ ನೋಡಿದ್ದಾರೆ. ‘ಇತ್ಯರ್ಥವಾಗದ’ ಎಂದರೆ ವ್ಯಾಜ್ಯವಿದೆ ಎಂದಾಗುತ್ತದೆ. ಇಲ್ಲಿ ವ್ಯಾಜ್ಯವೇನೂ ಇಲ್ಲ, ದುಡ್ಡು ಕಟ್ಟಿಲ್ಲ ಅಷ್ಟೆ. ಒಪ್ಪಿಗೆ ಪಡೆಯುವ ಕೆಲಸಕ್ಕೆ ‘ಹಾಡು ಬಿಡಿಸಿಕೊಳ್ಳುವುದು’ ಎಂಬುದು ನನಗೆ ಹಿಡಿಸಿದೆ, ಗಿರವಿ ಇಟ್ಟ ಒಡವೆ ಬಿಡಿಸಿಕೊಂಡ ಹಾಗೆ. ಒಡವೆ ನಮ್ಮದು, ಹಾಡು ಪರರದು ಎಂಬ ಆಕ್ಷೇಪ ಬರಬಹುದು, ನಿಜ. ಸಹಕಾರಿ ಸಂಘ, ಬ್ಯಾಂಕುಗಳ ‘ಬೇಬಾಕಿ ಪತ್ರ’ದಿಂದ ‘ಹಕ್ಕು ಬೇಬಾಕಿ’ ಎಂದು ಮಾಡಬಹುದೇ? ಹಾಡಿನ ಬಾಕಿ ತೀರಿದ ಸೀಸನ್ ಬೇಬಾಕಿ, ತೀರದ್ದು ಬಾಕಿ. ಆದರೆ ಈಗಿನ ಹುಡುಗರಿಗೆ ಬೇಬಾಕಿ ಎಂದರೆ ಅರ್ಥವಾದೀತೇ ಎಂಬ ಅನುಮಾನವಿದೆ.

ವಾಹಿನಿಗಳಲ್ಲಿ, ಆಡಿಯೋ ಕಂಪನಿಗಳಲ್ಲಿ ಕೆಲಸ ಮಾಡಿದವರು ಈ ಬಳಗದಲ್ಲಿದ್ದೀರಿ. ಹಳೆಯ ಹಾಡೊಂದನ್ನು ಹೊಸ ಕಾರ್ಯಕ್ರಮಕ್ಕೆ ಬಳಸುವಾಗ ನಿಮ್ಮಲ್ಲಿ ‘ಎನ್‌ಒಸಿ ಬಂತಾ’, ‘ರೈಟ್ಸ್ ಕ್ಲಿಯರ್ ಆಯ್ತಾ’ ಎನ್ನುವುದನ್ನು ಬಿಟ್ಟರೆ ಬೇರೆ ಮಾತು ಬಳಕೆಯಲ್ಲಿತ್ತೇ? ಕ್ಯಾಸೆಟ್ಟಿನ ಕಾಲದ ಮಾತಾದರೂ ಸರಿ, ದಯವಿಟ್ಟು ತಿಳಿಸಿ.