ರಿಪೋರ್ಟಲ್ಲಿ ಸೆನ್ಸಿಟಿವ್ ಅಂತಾನೇ ಇದೆ, ಆದ್ರೂ ಇನ್‌ಫೆಕ್ಷನ್ ವಾಪಸ್ ಬರ್ತಿದೆ, ಯಾಕೆ?

ಹಸಿರೆಲೆ:
ಅಮ್ಮಂಗೆ ಯೂರಿನ್ ಇನ್‌ಫೆಕ್ಷನ್ ಆಗಿತ್ತು, ಕಲ್ಚರ್ (ಮೂತ್ರದಲ್ಲಿರೋ ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸಿ ನೋಡೋ ಟೆಸ್ಟ್) ಮಾಡಿಸಿದ್ವಿ, ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ ಅಂತ ಬಂತು, ಡಾಕ್ಟ್ರು ಬರೆದುಕೊಟ್ಟ ಆಂಟಿಬಯೋಟಿಕ್ ಒಂದು ಹೊತ್ತೂ ತಪ್ಪಿಸದೆ ತಗೊಂಡು ಕೋರ್ಸ್ ಮುಗಿಸಿದ್ರು. ಉರಿ ಪೂರ್ತಿ ಹೋಗಿತ್ತು. ಸ್ವಲ್ಪ ದಿನಕ್ಕೇ ಮತ್ತೆ ಶುರು. ಇನ್ನೊಂದ್ಸಲ ಕಲ್ಚರ್ ಮಾಡಿಸಿದ್ರೆ ಅದೇ ಇ. ಕೋಲಿ, ಅದೇ ಔಷಧಿ ಎದುರಿಗೆ ಸೆನ್ಸಿಟಿವ್ ಅಂತ ಇದೆ, ಅಂದ್ರೆ ಆ ಔಷಧಿ ಅದರ ಮೇಲೆ ಕೆಲ್ಸ ಮಾಡುತ್ತೆ ಅಂತ. ಕೇಳಿದೋರೆಲ್ಲ ಬ್ಯಾಕ್ಟೀರಿಯಾಗೆ ರೆಸಿಸ್ಟೆನ್ಸ್ (ಔಷಧಿಗೆ ಬಗ್ಗದ ಗುಣ) ಬಂದಿರ್ಬೇಕು ಅಂತಾರೆ, ಹಾಗಿದ್ರೆ ರಿಪೋರ್ಟಲ್ಲೂ ಹಂಗೇ ಬರಬೇಕಲ್ವಾ? ಈ ಔಷಧಿಗೆ ಸಾಯೋ ಬ್ಯಾಕ್ಟೀರಿಯಾ ಔಷಧಿ ತಗೊಂಡ ಮೇಲೂ ಹೆಂಗೆ ಉಳ್ಕೊಳ್ತು? ಗೊತ್ತಿರೋರು ದಯವಿಟ್ಟು ಹೇಳಿ.

ಲ್ಯಾಬ್‌ಕೋಟು:
ನಿಮ್ಮ ಅನುಮಾನ ಸರಿಯಾಗೇ ಇದೆ. ಮೈಕ್ರೋಬಯಾಲಜಿ ಲ್ಯಾಬಲ್ಲಿ ಕೆಲ್ಸ ಮಾಡ್ತೀನಿ, ಆ ರಿಪೋರ್ಟ್ ಹೇಗೆ ತಯಾರಾಗುತ್ತೆ ಅಂತ ಹೇಳಿದ್ರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಪ್ಲೇಟ್ ಮೇಲೆ ಬ್ಯಾಕ್ಟೀರಿಯಾ ಸವರಿ, ಔಷಧಿ ಹೀರಿಸಿದ ಪುಟ್ಟ ಪೇಪರ್ ಡಿಸ್ಕ್ ಇಟ್ಟು ರಾತ್ರಿಯಿಡೀ ಇನ್‌ಕ್ಯುಬೇಟರಲ್ಲಿ ಬಿಡ್ತೀವಿ, ಬೆಳಿಗ್ಗೆ ಡಿಸ್ಕ್ ಸುತ್ತ ಏನೂ ಬೆಳೀದೆ ಖಾಲಿ ಉಳಿದ ವೃತ್ತ ಎಷ್ಟು ಮಿಲಿಮೀಟರ್ ಅಂತ ಅಳೀತೀವಿ, ಸಾಕಷ್ಟು ಅಗಲ ಇದ್ರೆ ಸೆನ್ಸಿಟಿವ್ ಅಂತ ಬರೀತೀವಿ. ಅಂದ್ರೆ ಬೆಳವಣಿಗೆ ನಿಂತಿದ್ಯಾ ಅಂತ ಮಾತ್ರ ನೋಡೋದು. ಆ ಖಾಲಿ ಜಾಗದಲ್ಲಿ ಬೆಳೀದೇನೂ ಸಾಯದೇನೂ ಸುಮ್ನೆ ಕೂತಿರೋ ಕೋಶ ಇದ್ರೆ ಅದು ಕಣ್ಣಿಗೆ ಬೀಳೋದೇ ಇಲ್ಲ.

ಅಂಥವಕ್ಕೆ ಪರ್ಸಿಸ್ಟರ್ ಅಂತಾರೆ. 1944ರಲ್ಲೇ ಜೋಸೆಫ್ ಬಿಗರ್ ಅನ್ನೋ ವಿಜ್ಞಾನಿ ಸ್ಟಫೈಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾಗೆ ಪೆನ್ಸಿಲಿನ್ ಹಾಕಿ ನೋಡಿದ್ರು, ಹೆಚ್ಚುಕಮ್ಮಿ ಹತ್ತು ಲಕ್ಷಕ್ಕೆ ಒಂದು ಉಳ್ಕೊಳ್ತಿತ್ತು. ಆ ಉಳಿದವನ್ನ ಬೆಳೆಸಿ ಮತ್ತೆ ಪೆನ್ಸಿಲಿನ್ ಹಾಕಿದ್ರೆ ಅವುಗಳ ಸಂತಾನ ಮೊದಲಿನ ಥರಾನೇ ಸತ್ತೋಯ್ತು. ರೆಸಿಸ್ಟೆನ್ಸ್ ಆಗಿದ್ರೆ ಆ ಗುಣ ಮುಂದಿನ ಪೀಳಿಗೆಗೆ ಬರಬೇಕಿತ್ತು. ಪೆನ್ಸಿಲಿನ್ ಹೊಡೆಯೋದು ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಕೋತಿರುವಾಗ, ಬೆಳವಣಿಗೆ ನಿಲ್ಲಿಸಿರೋ ಕೋಶ ಗೋಡೆನೇ ಕಟ್ತಿರಲ್ಲ, ಔಷಧಿಗೆ ಹಾಳು ಮಾಡೋಕೆ ಏನೂ ಸಿಗಲ್ಲ. 2004ರಲ್ಲಿ ನಥಾಲಿ ಬಾಲಬನ್ ಮತ್ತವರ ತಂಡ ಇ. ಕೋಲಿ ಕೋಶಗಳನ್ನ ಮೈಕ್ರೋಸ್ಕೋಪಲ್ಲಿ ಒಂದೊಂದಾಗಿ ಹಿಂಬಾಲಿಸಿ ನೋಡಿದಾಗ, ಬದುಕಿದವು ಔಷಧಿ ಬೀಳೋಕೆ ಮುಂಚೇನೇ ನಿಧಾನ ಆಗಿದ್ವು ಅಂತ ಗೊತ್ತಾಯ್ತು. ನಂಗೆ ಈಗ್ಲೂ ಆಶ್ಚರ್ಯ ಅನ್ಸೋದು ಇದೇ.

ಕುತೂಹಲಿ:
ಹಾಗಾದ್ರೆ ಡೋಸ್ ಡಬಲ್ ಮಾಡಿದ್ರೆ ಆಯ್ತಲ್ಲ?

ಲ್ಯಾಬ್‌ಕೋಟು:
ದಯವಿಟ್ಟು ಹಂಗೆ ಮಾಡ್ಬೇಡಿ, ಸೈಡ್ ಎಫೆಕ್ಟ್ ಜಾಸ್ತಿ ಆಗುತ್ತೆ, ನಿದ್ದೆಯಲ್ಲಿರೋ ಕೋಶಕ್ಕೆ ಅದರಿಂದ ಹೆಚ್ಚೇನೂ ಆಗಲ್ಲ. ಎಷ್ಟು ದಿನ ಕೊಡ್ಬೇಕು, ಯಾವ್ಯಾವ ಔಷಧಿ ಸೇರಿಸ್ಬೇಕು ಅನ್ನೋದೇ ಮುಖ್ಯ ಆಗೋದು. ಟಿಬಿ ನೋಡಿ, ಮಾಮೂಲಿ ಟಿಬಿಗೂ 6 ತಿಂಗಳು ಔಷಧಿ, ಅದರಲ್ಲಿ ಮೊದಲ 2 ತಿಂಗಳು 4 ಔಷಧಿ ಒಟ್ಟಿಗೆ. ಪೈರಜಿನಮೈಡ್ ಅಂತ ಒಂದಿದೆ, ಅದು ಆಮ್ಲೀಯ ಜಾಗದಲ್ಲಿ ನಿಧಾನವಾಗಿ ಬದುಕ್ತಿರೋ ಟಿಬಿ ಬ್ಯಾಕ್ಟೀರಿಯಾ ಮೇಲೆ ಚೆನ್ನಾಗಿ ಕೆಲ್ಸ ಮಾಡುತ್ತೆ, ಅದನ್ನ ಸೇರಿಸಿದ್ಮೇಲೇ 9 ತಿಂಗಳ ಚಿಕಿತ್ಸೆ 6ಕ್ಕೆ ಇಳಿದಿದ್ದು.

ವಾರ್ಡ್‌ಡ್ಯೂಟಿ:
ಮೇಲೆ ಹೇಳಿದ್ದೆಲ್ಲ ಸರಿ, ಆದ್ರೆ ಯೂರಿನ್ ಇನ್‌ಫೆಕ್ಷನಲ್ಲಿ ಎಲ್ಲಾನೂ ಪರ್ಸಿಸ್ಟರ್ ತಲೆಗೆ ಕಟ್ಟೋಕಾಗಲ್ಲ ಅಂತ ನನ್ನ ಅಭಿಪ್ರಾಯ. ಎರಡನೇ ಸಲ ಬಂದಿರೋದು ಎಷ್ಟೋ ಸಲ ಹೊಸ ಇನ್‌ಫೆಕ್ಷನ್ನೇ ಆಗಿರುತ್ತೆ, ಕರುಳಲ್ಲಿ ಇ. ಕೋಲಿ ಯಾವಾಗ್ಲೂ ಇರುತ್ತಲ್ಲ, ಅಲ್ಲಿಂದ ಮತ್ತೆ ಬರುತ್ತೆ, ರಿಪೋರ್ಟಲ್ಲಿ ಎರಡು ಸಲಾನೂ ಇ. ಕೋಲಿ ಅಂತ ಒಂದೇ ಹೆಸರು ಇದ್ದ ಮಾತ್ರಕ್ಕೆ ಅದೇ ತಳಿ ಅಂತ ಅರ್ಥ ಅಲ್ಲ. ಕೋರ್ಸ್ ಮುಗಿದು ಎರಡು ವಾರದೊಳಗೆ ಬಂದ್ರೆ ಹಳೇದೇ ಉಳಿದಿದೆ ಅನ್ನೋ ಅನುಮಾನ ಜಾಸ್ತಿ. ಇನ್ನೊಂದು, ಇ. ಕೋಲಿ ಮೂತ್ರಕೋಶದ ಒಳಪದರದ ಕೋಶಗಳೊಳಗೇ ನುಗ್ಗಿ ಗುಂಪು ಕಟ್ಕೊಂಡು ಕೂರೋದನ್ನ ಇಲಿಗಳಲ್ಲಿ ಚೆನ್ನಾಗಿ ತೋರಿಸಿದ್ದಾರೆ, ಎಷ್ಟೋ ಔಷಧಿ ಅಲ್ಲಿವರೆಗೂ ಸರಿಯಾಗಿ ಮುಟ್ಟಲ್ಲ. ಅಮ್ಮಂಗೆ ಕ್ಯಾಥೆಟರ್ (ಮೂತ್ರ ಹೋಗೋಕೆ ಹಾಕೋ ನಳಿಕೆ) ಹಾಕಿದ್ರಾ? ಕಲ್ಲು, ಶುಗರ್ ಏನಾದ್ರೂ ಇದ್ಯಾ?

ಹಸಿರೆಲೆ:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಶುಗರ್ ಇಲ್ಲ, ಕ್ಯಾಥೆಟರ್ ಹಾಕಿಲ್ಲ. ಹಳೇ ಸ್ಕ್ಯಾನಲ್ಲಿ ಕಿಡ್ನಿಯಲ್ಲಿ ಸಣ್ಣ ಕಲ್ಲಿದೆ ಅಂತ ಇತ್ತು, ನೋವಿಲ್ಲ ಅಂತ ಅದನ್ನ ಯಾರೂ ತಲೆಗೆ ಹಚ್ಕೊಂಡಿರ್ಲಿಲ್ಲ, ಈಗಿನ ಡಾಕ್ಟ್ರಿಗೂ ಹೇಳಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇರುತ್ತಾ?

ವಾರ್ಡ್‌ಡ್ಯೂಟಿ:
ಇರಬಹುದು, ಅದನ್ನ ಮೊದಲು ಹೇಳಿ. ಕಲ್ಲಿನ ಮೇಲೆ, ಕೆಲವು ಸಲ ಕಲ್ಲಿನ ಒಳಗೂ ಬ್ಯಾಕ್ಟೀರಿಯಾ ಬಯೋಫಿಲ್ಮ್ ಕಟ್ಕೊಂಡಿರುತ್ತೆ, ಅಂದ್ರೆ ತಾವೇ ಸ್ರವಿಸಿದ ಲೋಳೆಯಲ್ಲಿ ಪದರ ಪದರವಾಗಿ ಅಂಟ್ಕೊಂಡಿರ್ತಾವೆ. ಒಳಪದರಗಳಿಗೆ ಆಹಾರ, ಆಕ್ಸಿಜನ್ ಕಮ್ಮಿ ಸಿಗುತ್ತೆ, ಹಾಗಾಗಿ ಬೆಳವಣಿಗೆ ನಿಂತಿರುತ್ತೆ, ಪರ್ಸಿಸ್ಟರ್‌ಗಳು ಜಾಸ್ತಿ ಇರೋದೂ ಅಲ್ಲೇ. ಔಷಧಿ ತಗೊಳ್ಳುವಾಗ ಮೂತ್ರದಲ್ಲಿ ತೇಲಾಡೋವೆಲ್ಲ ಸಾಯ್ತವೆ, ಆಗ ಕಲ್ಚರ್ ಮಾಡಿದ್ರೆ ಏನೂ ಬೆಳೆಯಲ್ಲ, ಉರಿನೂ ಇರಲ್ಲ, ನಿಲ್ಲಿಸಿದ್ಮೇಲೆ ಗರಿಕೆ ಬೇರಿಂದ ಚಿಗುರಿದ ಹಾಗೆ ಕಲ್ಲಿಂದ ಮತ್ತೆ ಬರುತ್ತೆ. ಕಲ್ಲೇ ಕಾರಣ ಅಂತ ನಾನು ಇಲ್ಲಿ ಕೂತು ಹೇಳೋಕಾಗಲ್ಲ, ಹಳೇ ಸ್ಕ್ಯಾನು, ಎರಡೂ ಕಲ್ಚರ್ ರಿಪೋರ್ಟು, ಕೋರ್ಸ್ ಮುಗಿದ ತಾರೀಖು, ಮತ್ತೆ ಉರಿ ಶುರುವಾದ ತಾರೀಖು ಎಲ್ಲಾ ತಗೊಂಡು ಯೂರಾಲಜಿಸ್ಟ್ ಹತ್ರ ಹೋಗಿ. ಅಷ್ಟರಲ್ಲಿ ಚಳಿ ಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು, ವಾಂತಿ ಏನಾದ್ರೂ ಶುರುವಾದ್ರೆ ಅಪಾಯಿಂಟ್‌ಮೆಂಟ್ ಅಂತ ಕಾಯ್ಬೇಡಿ, ಆವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.